ದ್ವಾದಶಿಯ ಮಜ್ಜಿಗೆ

ಡಾಕ್ಟರಮ್ಮ ದಶಮಿಯ ದಿನ ಬೆಳಗಿನ ರೈಲಿಗೆ ಮಹಬೂಬನಗರಕ್ಕೆ ಹೊರಟರು. ದವಾಖಾನೆಯ ಕೆಲವು ಔಷಧಿ ಮುಗಿದಿದ್ದವು, ತಂದುಕೊಂಡು ಮರುದಿನ ಸಂಜೆಗೆ ವಾಪಸ್ಸು ಬರುವವರು. ಹೋಗುವ ಮುಂಚೆ ಮೂರನೇ ಮಂಚದ ಹೆಂಗಸಿನ ಪಟ್ಟಿಯನ್ನೂ, ಶರೀರದ ಒಳಗಿನ ಕೆಲಸಗಳನ್ನು ವಿವರಿಸುವ ಒಂದು ದಪ್ಪ ಉರ್ದು ಪುಸ್ತಕವನ್ನೂ ನನ್ನ ಕೈಗೆ ಕೊಟ್ಟರು. ಮೂತ್ರಪಿಂಡದ ಪಾಠ ಓದಿಟ್ಟಿರು, ಬಂದ ಮೇಲೆ ಪ್ರಶ್ನೆ ಕೇಳುತ್ತೇನೆ ಎಂದು ತಮ್ಮ ಹೈದರಾಬಾದಿ ಉರ್ದುವಿನಲ್ಲಿ ಹೇಳಿದರು. ಅವರು ಮರಳಿ ಬಂದದ್ದು ಹನ್ನೊಂದನೆಯ ದಿನ.

ಗದ್ವಾಲ ಇರುವುದು ಎರಡು ಹೊಳೆಗಳ ನಡುವೆ. ಈ ಕಡೆ ಕೃಷ್ಣೆ, ಆ ಕಡೆ ತುಂಗಭದ್ರೆ. ಭಾದ್ರಪದದಲ್ಲಿ ಎರಡೂ ದಡ ಮುಟ್ಟಿ ಹರಿಯುತ್ತಿದ್ದವು, ಹರಿಗೋಲು ಹಾಕುವವರು ಯಾರೂ ಇರಲಿಲ್ಲ. ಉಳಿದದ್ದು ರೈಲು. ಏಕಾದಶಿಯ ಸಂಜೆ ಅದೂ ಬರಲಿಲ್ಲ. ಸ್ಟೇಷನ್ನಿಗೆ ಹೋಗಿ ಬಂದ ನಮ್ಮ ಕಂಪೌಂಡರ್ ಸಾಬರು ಗೇಟಿಗೆ ಬೀಗ ಹಾಕಿ, "ಯೂನಿಯನ್ ಫೌಜು ಗಡಿ ದಾಟೈತಂತವ್ವಾ. ರೈಲೂ ಬಂದ್, ತಾರೂ ಬಂದ್. ನೀ ಹೊರಗ ಮಾತ್ರ ಹೋಗಬ್ಯಾಡ" ಅಂದರು. ಬಜಾರಿನಲ್ಲಿ ನಿಜಾಮರ ಕಡೆಯ ರಜಾಕಾರರು ಬಂದೂಕು ಹಿಡಿದು ತಿರುಗುತ್ತಿದ್ದರು.

ನಮ್ಮದು ಆರು ಮಂಚಗಳ ಸಣ್ಣ ಜನಾನಾ ದವಾಖಾನೆ, ಹೆಂಗಸರಿಗಷ್ಟೇ. ನಾನು ಅಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದವಳು, ಚಳಿಗಾಲಕ್ಕೆ ಪರೀಕ್ಷೆ ಇತ್ತು. ಸುದ್ದಿ ಕೇಳಿದ ಕೂಡಲೇ ಐದು ಮಂಚಗಳವರು ಹೇಗೋ ಗಾಡಿ ಹೊಂದಿಸಿಕೊಂಡು ಗಟ್ಟು, ವಡ್ಡೆಪಲ್ಲಿ ಅಂತ ತಮ್ಮ ತಮ್ಮ ಊರಿಗೆ ಹೋಗಿಬಿಟ್ಟರು. ಮೂರನೇ ಮಂಚದವಳು ಮಾತ್ರ ಉಳಿದಳು. ಅವಳಿಗೆ ಮಲಗಲು ಆಗುತ್ತಿರಲಿಲ್ಲ. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಎತ್ತಿನ ಗಾಡಿಯ ಮಾತೇ ಇಲ್ಲ.

ಅವಳು ರಾಜೋಳಿಯ ಅರ್ಚಕರ ಮನೆಯ ಮಗಳು, ಇಪ್ಪತ್ತೆರಡರ ವಯಸ್ಸು. ಎರಡು ತಿಂಗಳ ಕೂಸನ್ನು ಊರಿನಲ್ಲಿ ಬಿಟ್ಟು ಬಂದಿದ್ದಳು. ಬಾಣಂತನದಲ್ಲಿ ಹೃದಯ ಸೋತು ಕಾಲು ಬಾತಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಗಂಡ ರಾಯಚೂರಿನ ಕಚೇರಿಯಲ್ಲಿ, ಗಾಡಿಗೆ ಎರಡು ದಿನದ ದಾರಿ. ಜೊತೆಗಿದ್ದವಳು ಅವಳ ಅಕ್ಕ. ನಲವತ್ತು ದಾಟಿದ ವಿಧವೆ, ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಬಿಗಿಯಾಗಿ ಹೊದ್ದವರು, ಮಡಿ ಎಂದರೆ ಮಡಿ. ದವಾಖಾನೆಯ ಹಿಂದಿನ ಪಡಸಾಲೆಯಲ್ಲಿ ಅವರದೇ ಒಲೆ, ಅವರದೇ ಪಾತ್ರೆ. ಗದ್ವಾಲದ ಬಳಗದವರು ಹಿತ್ತಲಲ್ಲಿ ಒಂದು ಹಸುವನ್ನೂ ಕಟ್ಟಿ ಹೋಗಿದ್ದರು. ನಾನು ಆ ಪಡಸಾಲೆಯ ಹೊಸ್ತಿಲು ದಾಟುವಂತಿರಲಿಲ್ಲ. ಅವರು ತಂಗಿಗೆ ಕುಡಿಸಲು ಒಳಗೆ ಬಂದರೆ ಹೋದ ಮೇಲೆ ಸ್ನಾನ. ದಿನಕ್ಕೆ ನಾಲ್ಕು ಸಲ ಕುಡಿಸುವುದು, ನಾಲ್ಕು ಸಲ ಬಾವಿಯ ನೀರು ತಲೆಯ ಮೇಲೆ. ಬೇರೆಯವರು ಮುಟ್ಟಿದ್ದನ್ನು ರೋಗಿ ಬಾಯಿಗೆ ಇಡುತ್ತಿರಲಿಲ್ಲವಾದ್ದರಿಂದ ಡಾಕ್ಟರಮ್ಮ ಈ ಏರ್ಪಾಡಿಗೆ ಒಪ್ಪಿದ್ದರು.

ಚಿಕಿತ್ಸೆ ಸರಳವಾಗಿತ್ತು. ದಿನಕ್ಕೆ ನಾಲ್ಕು ಲೋಟ ಹಾಲು, ಅದನ್ನು ಬಿಟ್ಟು ಬೇರೆ ಏನೂ ಇಲ್ಲ. ಹೃದಯಕ್ಕೆ ಡಿಜಿಟಾಲಿಸ್ ಹತ್ತು ಹನಿ, ಮೂರು ಹೊತ್ತು. ನಾಡಿ ಅರವತ್ತಕ್ಕಿಂತ ಕೆಳಗೆ ಬಂದರೆ ಹನಿ ನಿಲ್ಲಿಸಬೇಕು. ಅಕ್ಕನ ಹಿತ್ತಾಳೆ ಲೋಟಕ್ಕೆ ಏಳು ಔನ್ಸ್ ಹಿಡಿಯುತ್ತದೆಂದು ಮೊದಲ ದಿನವೇ ಅವರಿಂದಲೇ ನೀರು ಸುರಿಸಿ ನೋಡಿಕೊಂಡಿದ್ದೆ. ಪಟ್ಟಿಯಲ್ಲಿ ಎರಡು ಸಾಲು. ಒಂದರ ಮೇಲೆ ಡಾಕ್ಟರಮ್ಮ ತಮ್ಮ ಕೈಯಿಂದಲೇ 'ಹಾಲು' ಎಂದೂ ಇನ್ನೊಂದರ ಮೇಲೆ 'ಮೂತ್ರ' ಎಂದೂ ಬರೆದಿದ್ದರು. ನಾನು ಅಂಕಿ ತುಂಬಬೇಕು, ಅಷ್ಟೇ. ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದು ಹೆಚ್ಚಿದ್ದರೆ ಮೈಯಲ್ಲಿ ನಿಂತ ನೀರು ಇಳಿಯುತ್ತಿದೆ ಎಂದರ್ಥ. ದಶಮಿಯವರೆಗೆ ಹಾಗೇ ಇತ್ತು. ಇಪ್ಪತ್ತೆಂಟು ಒಳಗೆ, ನಲವತ್ತು ಹೊರಗೆ. ಕಾಲಿನ ಗುಳಿ ಆಳ ಕಡಿಮೆಯಾಗುತ್ತಿತ್ತು. ಏಕಾದಶಿಯ ದಿನ ಅಕ್ಕ ತಾವು ಹನಿ ನೀರೂ ಮುಟ್ಟಲಿಲ್ಲ, ತಂಗಿಗೆ ಮಾತ್ರ ರೋಗಿ ಎಂದು ಹಾಲು ಕೊಟ್ಟರು. ಆ ದಿನವೂ ಅಂಕಿ ಚೆನ್ನಾಗಿತ್ತು.

ಇನ್ನು ನನ್ನ ಓದು. ನಾನು ಮಕ್ತಲದವಳು, ನಾರಾಯಣಪೇಟೆಯಲ್ಲಿ ಉರ್ದು ಕಲಿತವಳು. ಓದಲು ಬರುತ್ತಿತ್ತು, ಆದರೆ ಎತ್ತಿನ ಗಾಡಿಯ ವೇಗದಲ್ಲಿ. ಅದಕ್ಕೇ ಪುಸ್ತಕದ ಪಾಠಗಳನ್ನು ಕನ್ನಡ ಲಿಪಿಯಲ್ಲಿ ನನ್ನ ನೋಟುಬುಕ್ಕಿಗೆ ಇಳಿಸಿಕೊಂಡು ಬಾಯಿಪಾಠ ಮಾಡುತ್ತಿದ್ದೆ. ಹೃದಯದ ಪಾಠ, ರಕ್ತ ತಿರುಗುವ ಪಾಠ, ಉಸಿರಾಟದ ಪಾಠ ಮೂರೂ ನೋಟುಬುಕ್ಕಿನಲ್ಲಿದ್ದವು. ಮೂತ್ರಪಿಂಡದ ಪಾಠ ಉದ್ದ. ಮೊದಲ ಎರಡು ಪುಟ ಇಳಿಸಿ, ಅದೊಂದು ಸೋಸುವ ಬಟ್ಟೆ, ರಕ್ತವನ್ನು ಸೋಸುತ್ತದೆ ಎಂದು ಅರ್ಥ ಮಾಡಿಕೊಂಡು, ಉಳಿದದ್ದನ್ನು ಬಿಟ್ಟುಬಿಟ್ಟಿದ್ದೆ. ಅರ್ಧ ಕಲಿತವರಿಗೆ ಇರುವ ಜಂಭ ನನಗೂ ಧಾರಾಳವಾಗಿತ್ತು. ಮಂಚದ ಪಕ್ಕ ಕೂತು ರೋಗಿಗೇ ಪಾಠ ಒಪ್ಪಿಸುತ್ತಿದ್ದೆ. "ಅಷ್ಟೆಲ್ಲಾ ನನ್ನ ಮೈಯಾಗ ನಡೀತದೇನ್ರೀ?" ಎಂದು ಅವಳು ಏದುಸಿರಿನ ನಡುವೆ ನಗುತ್ತಿದ್ದಳು.

ದ್ವಾದಶಿಯ ದಿನ ಹೊರಗೆ ಬಂದದ್ದು ಇಪ್ಪತ್ತಾರು ಔನ್ಸ್. ತ್ರಯೋದಶಿಗೆ ಹದಿನೆಂಟು. ನಾನು ಹೊಸ್ತಿಲ ಈಚೆ ನಿಂತು ಕೇಳಿದೆ, "ಅಕ್ಕಾರ, ನಾಕೂ ಲೋಟ ಕುಡಸೀರಿಲ್ಲ?"

"ನಾಕೂ ಆದ್ವು. ಒಂದು ಗುಟುಕು ಬಿಟ್ಟಿಲ್ಲ ಆಕಿ," ಅಂದರು ಅಕ್ಕ.

'ಹಾಲು' ಎಂಬುದರ ಕೆಳಗೆ ಇಪ್ಪತ್ತೆಂಟು ಎಂದು ಬರೆದೆ. ಆ ರಾತ್ರಿಯಿಡೀ ಯೋಚಿಸಿ ಬೆಳಿಗ್ಗೆ ಒಂದು ತೀರ್ಮಾನಕ್ಕೆ ಬಂದೆ. ಕಿಟಕಿ ಮುಚ್ಚಿದ್ದೇವೆ, ಸೆಕೆ, ಬೆವರು ಹೋಗುತ್ತಿದೆ, ಅದಕ್ಕೇ ಮೂತ್ರ ಕಡಿಮೆ. ಸೋಸುವ ಬಟ್ಟೆಯ ಮೇಲೆ ಹೆಚ್ಚು ಸುರಿದರೆ ಕೆಳಗೆ ಹೆಚ್ಚು ಇಳಿಯಬೇಕಲ್ಲ? ಎರಡೇ ಪುಟ ಓದಿದವಳಿಗೆ ಇಷ್ಟು ಸಾಕಾಗಿತ್ತು. ಚತುರ್ದಶಿಯ ದಿನ ಅಕ್ಕನಿಗೆ, "ಇವತ್ತಿಂದ ಆರು ಲೋಟ ಕುಡಸ್ರಿ" ಅಂದೆ. ಅಕ್ಕ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ತಲೆ ಆಡಿಸಿ ಒಲೆಯ ಕಡೆ ತಿರುಗಿದರು.

ಆರು ಲೋಟ ಒಳಗೆ ಹೋಯಿತು. ಹೊರಗೆ ಬಂದದ್ದು ಒಂಬತ್ತು ಔನ್ಸ್. ಕಾಲಿನ ಬಾವು ಮೊಣಕಾಲು ದಾಟಿ ತೊಡೆಗೆ ಏರಿತು. ನಾಡಿ ಓಡಿ ಓಡಿ ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಮೂರು ದಿಂಬು ಒರಗಿ ಕೂತರೂ ಅವಳಿಗೆ ಸಾಲುತ್ತಿರಲಿಲ್ಲ. ನನಗೆ ನಿಜವಾದ ಹೆದರಿಕೆ ಆಗ ಹತ್ತಿತು. ಕೇಳೋಣವೆಂದರೆ ಯಾರನ್ನು? ರಾಯಚೂರಿನಲ್ಲಿ ದೊಡ್ಡ ಡಾಕ್ಟರಿದ್ದರು. ಅವರು ಕಾಶಿಯಲ್ಲಿದ್ದರೂ ಒಂದೇ ಆಗಿತ್ತು. ಪುಸ್ತಕದ ಹತ್ತಿರ ಹೋಗಲು ಮನಸ್ಸಾಗಲಿಲ್ಲ, ನಾಚಿಕೆಯೋ ಭಯವೋ ತಿಳಿಯದು. ಗೇಟು, ಗೋಡೆ, ಮುಚ್ಚಿದ ಕಿಟಕಿ, ನಡುವೆ ಆ ಉಸಿರಿನ ಸದ್ದು. ಎಲ್ಲಿಗಾದರೂ ಓಡಿಹೋಗಬೇಕೆನಿಸುತ್ತಿತ್ತು, ಓಡಲು ಎಲ್ಲಿಯೂ ದಾರಿ ಇರಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ರೋಗಿ ವಾಂತಿ ಮಾಡಿಕೊಂಡಳು. ಹಾಸಿಗೆಯ ಬಟ್ಟೆ ತೆಗೆದು ಬಾವಿಕಟ್ಟೆಗೆ ಒಯ್ದೆ. ನೀರು ಹಾಕುವ ಮುಂಚೆ ಮೂಗಿಗೆ ಇಂಗಿನ ವಾಸನೆ ಬಡಿಯಿತು. ಬಟ್ಟೆಯ ಮೇಲೆ ಒಂದು ಕರಿಬೇವಿನ ಎಲೆ ಅಂಟಿಕೊಂಡಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಪಡಸಾಲೆಯ ಹೊಸ್ತಿಲಿಗೆ ಹೋದೆ.

"ಅಕ್ಕಾರ, ಹಾಲಿನಾಗ ಕರಿಬೇವು ಎಲ್ಲಿಂದ ಬಂತ್ರೀ?"

"ಹಾಲೆಲ್ಲೇದ್ರೀ? ದ್ವಾದಶಿಯಿಂದ ಮಜ್ಜಿಗಿ ಕೊಡ್ಲಿಕ್ಕೆ ಹತ್ತೀನಲ್ಲ," ಅಂದರು, ನಾನೇನೋ ಹುಚ್ಚು ಪ್ರಶ್ನೆ ಕೇಳಿದೆನೆಂಬಂತೆ.

ಅವರ ಮನೆತನದಲ್ಲಿ ಚಾತುರ್ಮಾಸದ ನಾಲ್ಕು ತಿಂಗಳಿಗೆ ನಾಲ್ಕು ವ್ರತ. ಮೊದಲ ತಿಂಗಳು ಕಾಯಿಪಲ್ಯ ಬಿಡುತ್ತಾರೆ, ಎರಡನೆಯದಕ್ಕೆ ಮೊಸರು, ಮೂರನೆಯದಕ್ಕೆ ಹಾಲು, ಕೊನೆಗೆ ಬೇಳೆಕಾಳು. ಭಾದ್ರಪದದ ಏಕಾದಶಿಗೆ ಮೊಸರು ಬಿಡುವ ತಿಂಗಳು ಮುಗಿದು ದ್ವಾದಶಿಯಿಂದ ಹಾಲು ಬಿಡುವ ತಿಂಗಳು ಹಿಡಿಯುತ್ತದೆ. ಒಂದು ತಿಂಗಳಾದ ಮೇಲೆ ಮೊಸರು ಕಂಡ ತಂಗಿಗೆ ಬಾಯಿರುಚಿಯಾಗಲೆಂದು ಅಕ್ಕ ಇಂಗು, ಕರಿಬೇವಿನ ಒಗ್ಗರಣೆ ಹಾಕಿ, ಉಪ್ಪು ಬೆರೆಸಿ, ಅಳತೆ ಒಂದಿಷ್ಟೂ ತಪ್ಪದಂತೆ ಕುಡಿಸಿದ್ದರು. ಮುಚ್ಚಿಟ್ಟದ್ದಲ್ಲ. ದ್ವಾದಶಿಯಿಂದ ಹಾಲಿಲ್ಲ ಎಂಬುದು ಲೋಕಕ್ಕೇ ಗೊತ್ತಿರುವ ಸಂಗತಿ ಎಂದು ಅವರ ಎಣಿಕೆ. ನಾವು ಲಿಂಗ ಕಟ್ಟಿದವರು, ನಮ್ಮ ಮನೆಯಲ್ಲಿ ಈ ವ್ರತಗಳಿಲ್ಲ. ಮೂರು ದಿನ ನಾನು ಮಜ್ಜಿಗೆಯನ್ನು ಹಾಲೆಂದು ಬರೆದಿದ್ದೆ, ಒಂದು ಸಲವೂ ಲೋಟದೊಳಗೆ ಇಣುಕಿ ನೋಡಿರಲಿಲ್ಲ.

"ಈಗಿಂದೀಗ ಹಾಲು ಶುರು ಮಾಡ್ರಿ. ಡಾಕ್ಟರಮ್ಮ ಹೇಳಿದ್ದು ಹಾಲು," ಎಂದು ದನಿ ಏರಿಸಿದೆ.

"ಆಕಿ ಬದುಕಲಿ ಅಂತನ ವ್ರತ ಹಿಡಿದದ್ದು. ಈಗ ನಡುವ ಮುರಿ ಅಂತೀರಿ. ಮುರಿದು ಆಕಿಗೇನಾರ ಆದ್ರ ರಾಜೋಳಿಗೆ ಹೋಗಿ ಕೂಸಿನ ಮುಂದ ಏನು ಹೇಳ್ಲಿ? ಹಾಲೂ ಅದs ಹಸುವಿಂದು, ಮಜ್ಜಿಗೀನೂ ಅದs ಹಸುವಿಂದು. ಏನು ಫರಕದ ಹೇಳ್ರಿ, ಕೇಳ್ತೀನಿ," ಅಂದರು ಅಕ್ಕ.

ಏನು ಫರಕು? ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿಯೂ ಬರಲಿಲ್ಲ. ಒಳಗೆ ಹೋಗಿ ಪುಸ್ತಕ ತೆಗೆದೆ. ಅಕ್ಷರಗಳು ಕಣ್ಣ ಮುಂದೆ ಇರುವೆಗಳ ಹಾಗೆ ಹರಿದಾಡಿದವು. ಎರಡು ಸಾಲು ಓದುವಷ್ಟರಲ್ಲಿ ತಾಳ್ಮೆ ಕಳೆದು ಕಂಪೌಂಡರ್ ಸಾಬರ ಕೋಣೆಗೆ ಓಡಿದೆ.

ಸಾಬರು ಔಷಧಿ ಕೋಣೆಯ ಮೂಲೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರು. ಅಂದು ಬೆಳಿಗ್ಗೆಯಿಂದ ಊರು ತಿರುಗಿಬಿಟ್ಟಿತ್ತು. ನಿಜಾಮರು ಶರಣಾದರೆಂಬ ಸುದ್ದಿ ಬಂದು ಬೀದಿಯಲ್ಲಿ ಜೈಕಾರ ಕೇಳುತ್ತಿತ್ತು. ನಾಲ್ಕು ದಿನ ರಜಾಕಾರರಿಗೆ ನಾವು ಹೆದರುತ್ತಿದ್ದೆವು, ಸಾಬರು ನಮಗೆ ಧೈರ್ಯ ಹೇಳುತ್ತಿದ್ದರು. ಈಗ ಬೀದಿಯ ಗದ್ದಲ ಗೇಟಿನ ಹತ್ತಿರ ಬಂದಾಗಲೆಲ್ಲ ಅವರು ಬಾಗಿಲ ಅಗುಳಿ ಮುಟ್ಟಿ ನೋಡುತ್ತಿದ್ದರು. ಇಪ್ಪತ್ತೈದು ವರ್ಷ ಇದೇ ಊರಿನ ಮಕ್ಕಳಿಗೆ ಜ್ವರದ ಔಷಧಿ ಬೆರೆಸಿಕೊಟ್ಟವರು ಅವರು. ಆ ಹೊತ್ತಿನಲ್ಲಿ ಪುಸ್ತಕ ಮುಂದಿಟ್ಟದ್ದಕ್ಕೆ ನನಗೆ ಇವತ್ತಿಗೂ ಸಂಕೋಚವಿದೆ. ಅವರು ಮಾತ್ರ ಕನ್ನಡಕ ಹಾಕಿಕೊಂಡು ಓದತೊಡಗಿದರು, ಓದುತ್ತಾ ಕನ್ನಡದಲ್ಲಿ ಹೇಳಿದರು.

"ಕೇಳವ್ವಾ. ದಿಲ್ ಸೋತಾಗ ಗುರ್ದಾಕ್ಕ, ಅಂದ್ರ ಮೂತ್ರಪಿಂಡಕ್ಕ, ರಕ್ತ ಕಮ್ಮಿ ಬರ್ತೈತಿ. ಆಗ ಗುರ್ದಾ ಉಪ್ಪನ್ನ ಹೊರಗ ಬಿಡಾಂಗಿಲ್ಲ, ಒಳಗs ಹಿಡಕೋತೈತಿ. ಉಪ್ಪು ಎಲ್ಲಿ ನಿಂತ್ರ ನೀರೂ ಅಲ್ಲೇ ನಿಲ್ತೈತಿ." ಪುಟ ತಿರುವಿದರು. "ಹಾಲಿನ ಪಥ್ಯ ಯಾಕ ಅಂದ್ರ ಹಾಲಿನಾಗ ಉಪ್ಪು ಕಮ್ಮಿ, ಅಳತೀನೂ ಕಮ್ಮಿ. ಅಷ್ಟ ಬರದೈತಿ ನೋಡು."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಬೇಕಾಗಿದ್ದುದು ಹಾಲಲ್ಲ, ಉಪ್ಪಿಲ್ಲದಿರುವುದು. ವ್ರತ ಮುರಿಯುವ ಅಗತ್ಯವೇ ಇರಲಿಲ್ಲ, ಮಜ್ಜಿಗೆಗೆ ಉಪ್ಪು ಹಾಕದಿದ್ದರೆ ಸಾಕಾಗಿತ್ತು. ಅದರ ಮೇಲೆ ಇನ್ನೆರಡು ಲೋಟ ಹೆಚ್ಚು ಸುರಿಸಿದವಳು ನಾನು.

ಅಷ್ಟರಲ್ಲಿ ಅಕ್ಕ ಕೂಗಿದರು. ಓಡಿದೆ. ರೋಗಿ ಮಂಚದ ಅಂಚಿಗೆ ಬಂದು ಎರಡೂ ಕೈ ಊರಿ ಬಗ್ಗಿ ಕೂತಿದ್ದಳು. ತುಟಿ ನೀಲಿ. ಎದೆಯಿಂದ ನೀರು ಕುದಿಯುವಂಥ ಸದ್ದು. ಬಾಯಿಯ ಅಂಚಿನಲ್ಲಿ ನಸುಗೆಂಪು ನೊರೆ. "ಅಕ್ಕಾ, ಮುಳುಗ್ತೀನಿ," ಅಂದಳು. ಅವಳಿಗೆ ಆಗುತ್ತಿದ್ದುದು ಅಕ್ಷರಶಃ ಅದೇ. ಹೃದಯದ ಎಡಭಾಗ ರಕ್ತವನ್ನು ಮುಂದೆ ತಳ್ಳಲಾರದೆ ಅದು ಶ್ವಾಸಕೋಶದಲ್ಲಿ ನಿಂತು, ನೀರು ಒಳಗೆ ಜಿನುಗುತ್ತಿತ್ತು.

ಬಾಯಿಪಾಠ ಮಾಡಿದ್ದು ತಾನಾಗಿಯೇ ತಲೆಯಲ್ಲಿ ಓಡಿತು. ರಕ್ತ ಕೈಕಾಲುಗಳಿಂದ ಹೃದಯದ ಬಲಕ್ಕೆ, ಬಲದಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಎಡಕ್ಕೆ. ಕೈಕಾಲುಗಳಿಂದ ಬರುವುದನ್ನೇ ತಡೆದರೆ? ನೋಟುಬುಕ್ಕಿನಲ್ಲಿ ಒಂದು ಟಿಪ್ಪಣಿ ಇತ್ತು. ನಾಲ್ಕರಲ್ಲಿ ಮೂರು ಅವಯವಗಳನ್ನು ಬುಡದಲ್ಲಿ ಕಟ್ಟು. ರಕ್ತ ಹೋಗಬೇಕು, ತಿರುಗಿ ಬರಬಾರದು. ಕಟ್ಟಿನ ಕೆಳಗೆ ನಾಡಿ ಸಿಗುತ್ತಿರಬೇಕು. ಕಾಲು ಗಂಟೆಗೊಮ್ಮೆ ಒಂದು ಕಟ್ಟು ಬಿಚ್ಚಿ ನಾಲ್ಕನೆಯದಕ್ಕೆ ಹಾಕು. ನಾನು ಅದನ್ನು ಯಾರೂ ಮಾಡಿದ್ದು ಕಂಡಿರಲಿಲ್ಲ. ತಪ್ಪಾದರೆ ಎರಡನೆಯ ತಪ್ಪು, ಬಹುಶಃ ಕೊನೆಯದು. ಸುಮ್ಮನೆ ನಿಂತರೂ ಅವಳು ಹೋಗುತ್ತಿದ್ದಳು. ಕಟ್ಟುತ್ತೇನೆ ಎಂದುಕೊಂಡೆ.

ರಬ್ಬರು ನಳಿಕೆ ಇದ್ದದ್ದು ಒಂದೇ. "ಬಟ್ಟಿ ಬೇಕು ಅಕ್ಕಾರ, ಉದ್ದಂದು," ಅಂದೆ. ಅಕ್ಕ ಪಡಸಾಲೆಯಲ್ಲಿ ಒಣಹಾಕಿದ್ದ ತಮ್ಮ ಮಡಿಸೀರೆ ಎಳೆದು ತಂದು ಹಲ್ಲಿನಿಂದ ಕಚ್ಚಿ ಸೀಳಿದರು. ಒಂದು ತುದಿ ಅವರು, ಒಂದು ತುದಿ ನಾನು ಹಿಡಿದು ಎರಡು ತೊಡೆಗೆ ಕಟ್ಟಿದೆವು. ನಳಿಕೆ ಎಡತೋಳಿಗೆ. ಅವರ ಭುಜ ನನ್ನ ಭುಜಕ್ಕೆ ಒತ್ತಿಕೊಂಡಿತ್ತು. ನಾನು ಹಿಂದೆ ಸರಿಯಲು ನೋಡಿದೆ. "ಸರೀಬ್ಯಾಡ್ರಿ, ಗಟ್ಟಿ ಹಿಡೀರಿ. ಮಡಿ ಆಮ್ಯಾಲ ನೋಡೋಣು," ಅಂದರು. ಸಾಬರು ಬಾಗಿಲ ಹೊರಗೆ ಬೆನ್ನು ತಿರುಗಿಸಿ ನಿಂತು ತಮ್ಮ ಕಿಸೆಯ ಗಡಿಯಾರ ನೋಡಿ ಕಾಲು ಗಂಟೆಗೊಮ್ಮೆ "ಆತು" ಅನ್ನುತ್ತಿದ್ದರು. ನಾನು ಒಂದು ಬಿಚ್ಚಿ ಇನ್ನೊಂದು ಕಟ್ಟುತ್ತಿದ್ದೆ.

ಮೂರನೆಯ ಸಲ "ಆತು" ಅಂದಾಗ ಸದ್ದು ಒಂದಿಷ್ಟು ತೆಳುವಾಗಿತ್ತು. ಆದರೆ ಹೀಗೆ ಎಷ್ಟು ಹೊತ್ತು? ಮೈಯಲ್ಲಿದ್ದ ನೀರು ಹೊರಗೆ ಹೋಗಲೇಬೇಕು. ಮೂತ್ರ ಇಳಿಸುವ ಇಂಜೆಕ್ಷನ್ನು ಡಾಕ್ಟರಮ್ಮನ ಕಪಾಟಿನಲ್ಲಿತ್ತು, ಬೀಗದ ಕೈ ಅವರ ಜೊತೆ ಮಹಬೂಬನಗರದಲ್ಲಿ. ಸರ್ಕಾರಿ ಬೀಗ. ಸಾಬರನ್ನು ನೋಡಿದೆ.

"ಮುರೀತೀನಿ ಬಿಡವ್ವಾ," ಅಂದರು. "ಯಾವ ಸರ್ಕಾರಕ್ಕ ಜವಾಬು ಕೊಡಬೇಕೋ ಅದೂ ತಿಳೀವಲ್ದು." ಬೀದಿಯ ಗದ್ದಲದಲ್ಲಿ ಕಲ್ಲಿನ ಏಟು ಯಾರಿಗೂ ಕೇಳಿಸಲಿಲ್ಲ.

ಸೂಜಿ ಕುದಿಸಿ, ಅಳತೆ ಮೂರು ಸಲ ನೋಡಿ ಇಂಜೆಕ್ಷನ್ ಕೊಟ್ಟೆ. ಮಧ್ಯಾಹ್ನ ಕಳೆದು ಹೊತ್ತು ಇಳಿಯುವ ವೇಳೆಗೆ ಅವಳು ಪಾತ್ರೆ ಕೇಳಿದಳು. ಇಪ್ಪತ್ತೆರಡು ಔನ್ಸ್. ಒಂದು ತಾಸಿನ ಮೇಲೆ ಮತ್ತೆ ಹದಿನಾರು. ಕಟ್ಟುಗಳನ್ನು ಒಟ್ಟಿಗೆ ಬಿಚ್ಚದೆ ಒಂದೊಂದಾಗಿ ಬಿಚ್ಚಿದೆ. ದೀಪ ಹಚ್ಚುವ ಹೊತ್ತಿಗೆ ಅವಳು ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು. ನೊರೆ ನಿಂತಿತ್ತು. ನಾನು ಬಾವಿಕಟ್ಟೆಗೆ ಹೋಗಿ ಮನಸ್ಸು ಹಗುರಾಗುವಷ್ಟು ಅತ್ತೆ.

ಮರುದಿನ ಬೆಳಿಗ್ಗೆಯೂ ಗೇಟಿಗೆ ಬೀಗವೇ ಇತ್ತು. ಸಾಬರು ಹೊರಗೆ ಹೋಗುವಂತಿರಲಿಲ್ಲ, ರೈಲು ಬಂದಿರಲಿಲ್ಲ. ಅಕ್ಕ ಸ್ನಾನ ಮಾಡಿ ಒಲೆಯ ಮುಂದೆ ಕೂತಿದ್ದರು, ಬೆಂಕಿ ಹಚ್ಚಿರಲಿಲ್ಲ. ಉಪ್ಪಿನ ಸಂಗತಿ ಸಾಬರಿಂದ ಅವರ ಕಿವಿಗೆ ಬಿದ್ದಿತ್ತು.

"ನನ್ನ ಕೈಯಾರೆ ಉಪ್ಪು ಹಾಕಿ ಕೊಲ್ಲಲಿಕ್ಕೆ ಹತ್ತಿದ್ದೆ," ಅಂದರು, ನನ್ನ ಕಡೆ ನೋಡದೆ.

ಸುಮ್ಮನಿದ್ದುಬಿಡಬಹುದಿತ್ತು. ಡಾಕ್ಟರಮ್ಮ ಬಂದು ಮಡಿಯವರ ಹಟ ಎಂದು ಅವರನ್ನೇ ಬಯ್ಯುತ್ತಿದ್ದರು, ನನ್ನ ಹೆಸರು ಬರುತ್ತಿರಲಿಲ್ಲ. ಆ ಆಸೆ ನನಗೆ ಬಂದದ್ದು ನಿಜ. ಆದರೂ ಹೇಳಿದೆ, "ಅಕ್ಕಾರ, ನೀವು ನಾಕs ಲೋಟ ಕೊಡ್ತಿದ್ರಿ. ಆರು ಮಾಡ್ರಿ ಅಂದಾಕಿ ನಾನು. ಪಾಠ ಪೂರಾ ಓದಿದ್ದಿಲ್ಲ. ನಂದs ತಪ್ಪು."

ಅವರು ಒಲೆಯ ಬೂದಿ ಕೆದರಿದರು. ಆಮೇಲೆ ನಿಧಾನವಾಗಿ ಅಂದರು, "ಅವತ್ತs ಕೇಳಬೇಕು ಅಂತಿದ್ದೆ. ಕಾಲು ಇಷ್ಟು ಬಾತಾವ, ಮತ್ತ ಹೆಚ್ಚು ಕುಡಿಸೋದು ಯಾಕ ಅಂತ. ನೀವು ಓದಿದಾಕಿ, ನಾ ಏನು ಕೇಳೋದು ಅಂತ ಸುಮ್ಮನಾದೆ."

ಅವರು ಎದ್ದು ಹಿತ್ತಾಳೆ ಲೋಟ ತೊಳೆದು ನನಗೆ ಕಾಣುವ ಹಾಗೆ ಹೊಸ್ತಿಲ ಮೇಲೆ ಇಟ್ಟರು.

"ಈಗ ಕೇಳ್ತೀನಿ. ಇವತ್ತು ಎಷ್ಟು ಕೊಡ್ಲಿ? ಯಾಕ ಅಷ್ಟು?"

ನಾನು ಪುಸ್ತಕ ತಂದು ಹೊಸ್ತಿಲ ಈಚೆ ಕೂತೆ, ಅವರು ಆಚೆ ಕೂತರು. ಹೃದಯದಿಂದ ಶುರು ಮಾಡಿ ಒಂದೊಂದಾಗಿ ಹೇಳುತ್ತಾ ಹೋದೆ. ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅಂದೆ. ಅವರು ನಡುವೆ ತಡೆದು ಪ್ರಶ್ನೆ ಕೇಳುತ್ತಿದ್ದರು. ಒಳಗಿನಿಂದ ತಂಗಿ, "ನನಗೂ ಕೇಳೋಹಂಗ ಹೇಳ್ರಿ," ಅಂದಳು.